ನೆಗೆಟಿವ್ ಎಂದು ಹೇಳುವ ಮುಂಚೆ

2021ರ ಮೇ ತಿಂಗಳು. ಮಾನ್ವಿ ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ವರಾಂಡದಲ್ಲಿ ಕೊರೊನಾ ರ‍್ಯಾಪಿಡ್ ಟೆಸ್ಟ್ ಮಾಡುತ್ತಿದ್ದೆ. ನಾನು ಲ್ಯಾಬ್ ಟೆಕ್ನಿಷಿಯನ್. ಬೆಂಗಳೂರಿಗೆ ಗುಳೆ ಹೋದವರು ಲಾಕ್‌ಡೌನ್ ಅಂತ ಊರಿಗೆ ವಾಪಸ್ ಬರುತ್ತಿದ್ದರು.

ನಮಗೆ ಮೊದಲ ಕಷ್ಟ ಬಿಸಿಲು. ಕಿಟ್ಟನ್ನು 2ರಿಂದ 30 ಡಿಗ್ರಿಯಲ್ಲಿ ಇಡಬೇಕು. ರಾಯಚೂರಿನ ಮೇ ಬಿಸಿಲು 40 ದಾಟುತ್ತದೆ. ಹಾಗಾಗಿ ಲಸಿಕೆ ಒಯ್ಯುವ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟು, ಅದಕ್ಕೆ ತಾಗದ ಹಾಗೆ ಬಟ್ಟೆ ಸುತ್ತಿ ಕಿಟ್ ತರುತ್ತಿದ್ದೆ. ತಣ್ಣಗಿನ ಪೌಚನ್ನು ತಕ್ಷಣ ಹರಿಯಬಾರದು, ಒಳಗಿನ ಪಟ್ಟಿಗೆ ತೇವ ಹಿಡಿಯುತ್ತದೆ. ಸ್ವಲ್ಪ ಹೊತ್ತು ಹೊರಗೆ ನೆರಳಲ್ಲಿ ಬಿಟ್ಟು, ಆಮೇಲೆ ಒಡೆಯಬೇಕು.

ಸ್ವ್ಯಾಬ್ ಕಡ್ಡಿ ಮೂಗಿನಲ್ಲಿ ಮೇಲಕ್ಕೆ ಅಲ್ಲ, ಕಿವಿಯ ನೇರಕ್ಕೆ ಒಳಗೆ ಹೋಗಬೇಕು. ಜನ ಹೆದರಿ ತಲೆ ಹಿಂದಕ್ಕೆ ಎಳೆಯುತ್ತಾರೆ. ಅದಕ್ಕೆ ಗೋಡೆಗೆ ತಲೆ ಆನಿಸಿ ಕೂರಿಸುತ್ತಿದ್ದೆ. ಕಡ್ಡಿಯನ್ನು ದ್ರವದ ಟ್ಯೂಬಿನಲ್ಲಿ ತಿರುಗಿಸಿ, ಟ್ಯೂಬನ್ನು ಬೆರಳಿನಿಂದ ಒತ್ತಿ ಹಿಂಡಿ ತೆಗೆಯಬೇಕು. ಆ ದ್ರವವನ್ನು ನಮ್ಮ ಕಿಟ್ಟಿನ ಪಟ್ಟಿಗೆ ಮೂರು ಹನಿ ಹಾಕಬೇಕು. ಹದಿನೈದು ನಿಮಿಷಕ್ಕೆ ನೋಡಬೇಕು, ಅರ್ಧ ಗಂಟೆ ದಾಟಿದ ಮೇಲೆ ನೋಡಲೇಬಾರದು. ಸಾಲು ಜಾಸ್ತಿ ಇದ್ದಾಗ ಯಾವುದು ಯಾವಾಗ ಹಾಕಿದ್ದು ಮರೆತೇ ಹೋಗುತ್ತದೆ. ಹಾಗಾಗಿ ಪ್ರತಿ ಕಿಟ್ಟಿನ ಮೇಲೂ ಮಾರ್ಕರಿನಿಂದ ಹೆಸರು, ಟೈಮ್ ಬರೆಯುತ್ತಿದ್ದೆ.

ಇಷ್ಟೆಲ್ಲ ಸರಿ ಮಾಡಿಯೂ ಒಂದು ದಿನ ತಪ್ಪಿದೆ. ಮೂರು ದಿನದಿಂದ ಜ್ವರ, ಕೆಮ್ಮು ಇದ್ದ ಒಬ್ಬ ಹುಡುಗ ಬಂದ. ಸಿ ಗೆರೆ ಮಾತ್ರ ಮೂಡಿತು, ಕೊರೊನಾ ಇದ್ದರೆ ಮೂಡುವ ಟಿ ಗೆರೆ ಬರಲಿಲ್ಲ. ‘ನೆಗೆಟಿವ್’ ಅಂದೆ. ಅವನ ಅವ್ವ ಕೈ ಮುಗಿದು ಕರಕೊಂಡು ಹೋದಳು. ನಾಲ್ಕು ದಿನಕ್ಕೆ ಆ ಮನೆಯಲ್ಲಿ ಅಜ್ಜನಿಗೂ ಜ್ವರ. ಆಶಾ ಅಕ್ಕ ಬಂದು ಹೇಳಿದಾಗ ಕೈಕಾಲು ತಣ್ಣಗಾದವು. ಇಬ್ಬರಿಗೂ ಲ್ಯಾಬಿನಲ್ಲಿ ಮಾಡುವ ದೊಡ್ಡ ಟೆಸ್ಟ್ ಆರ್‌ಟಿಪಿಸಿಆರ್ ಪಾಸಿಟಿವ್ ಬಂತು.

ಸಿ ಗೆರೆ ಬಂದರೆ ದ್ರವ ಪಟ್ಟಿಯ ಮೇಲೆ ಸರಿಯಾಗಿ ಹರಿದಿದೆ ಎಂದಷ್ಟೇ ಅರ್ಥ. ಕಡ್ಡಿಗೆ ಸಾಕಷ್ಟು ಸ್ಯಾಂಪಲ್ ಸಿಕ್ಕಿದೆಯೋ ಇಲ್ಲವೋ ಅದು ಹೇಳುವುದಿಲ್ಲ. ವೈರಸ್ ಕಡಿಮೆ ಇದ್ದರೂ ಟಿ ಗೆರೆ ಮೂಡದೇ ಹೋಗಬಹುದು. 2020ರ ಜೂನ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಈ ಟೆಸ್ಟಿಗೆ ಒಪ್ಪಿಗೆ ಕೊಟ್ಟಾಗಲೇ ಹೇಳಿತ್ತು: ಪಾಸಿಟಿವ್ ಬಂದರೆ ಪಾಸಿಟಿವೇ, ಆದರೆ ಲಕ್ಷಣ ಇದ್ದವರಿಗೆ ನೆಗೆಟಿವ್ ಬಂದರೆ ಆರ್‌ಟಿಪಿಸಿಆರ್ ಮಾಡಿಸಲೇಬೇಕು. ನನಗೆ ಅದು ಗೊತ್ತಿತ್ತು. ಸಾಲಿನ ಗಡಿಬಿಡಿಯಲ್ಲಿ ಬಾಯಿಗೆ ಬರಲಿಲ್ಲ, ಅಷ್ಟೇ. ಅಜ್ಜ ಹನ್ನೊಂದು ದಿನ ಆಕ್ಸಿಜನ್ ಮೇಲಿದ್ದು ಮನೆಗೆ ಬಂದರು.

ಅಂದಿನಿಂದ ಮೊದಲೇ ಜ್ವರ, ಕೆಮ್ಮು ಕೇಳಿಕೊಂಡು, ಇದ್ದವರ ಕಿಟ್ಟಿನ ಮೇಲೆ ಒಂದು ಚುಕ್ಕೆ ಇಡತೊಡಗಿದೆ. ಚುಕ್ಕೆ ಇದ್ದವರಿಗೆ ನೆಗೆಟಿವ್ ಬಂದರೆ, ಅಲ್ಲೇ ಕೂರಿಸಿ ಇನ್ನೊಂದು ಸ್ವ್ಯಾಬ್ ತೆಗೆದು ಜಿಲ್ಲೆಗೆ ಕಳಿಸುತ್ತಿದ್ದೆ.

‘ಇಲ್ಲ ಅಂತ ಬಂದದಲ್ರೀ, ಮತ್ಯಾಕ ಮೂಗಿನ್ಯಾಗ ಹಾಕ್ತೀರಿ?’ ಅಂತ ಒಬ್ಬ ಅಜ್ಜಿ ಸಿಟ್ಟಾದಳು.

‘ಇದು ಅವಸರದ ಟೆಸ್ಟ್ ಅಜ್ಜಿ, ಒಮ್ಮೊಮ್ಮೆ ಕಾಣದೆ ಹೋಗ್ತದ. ದೊಡ್ಡ ಟೆಸ್ಟ್ ಬರೋತನಕ ಮೊಮ್ಮಕ್ಕಳನ್ನ ಹತ್ರ ಮಲಗಿಸ್ಕೊಬ್ಯಾಡ’ ಅಂದೆ.

ಅಜ್ಜಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ತಾನೇ ಗೋಡೆಗೆ ತಲೆ ಆನಿಸಿದಳು.