ಹಾಳೆ ಎತ್ತಿ, ಪದ ನೋಡಿ

ಕಾಸರಗೋಡಿನ ಬದಿಯಡ್ಕದ ಹತ್ತಿರ ಶಾಲೆಯೊಂದರ ಮೂಲೆ ಕೋಣೆಯಲ್ಲಿ ಮಕ್ಕಳಿಗೆ ಪದಗಳ ಪ್ರದರ್ಶನ ಮಾಡಿದ್ದೆ. ನೀವೂ ಮಾಡುವುದಾದರೆ ಒಂದೇ ಸಂಗತಿ ಹಿಡಿಯಿರಿ. ಏಳು ಭಾಷೆಯ ಊರು ಅಂತ ಏಳನ್ನೂ ತುಂಬಿದರೆ ಯಾರೂ ನಿಲ್ಲುವುದಿಲ್ಲ.

ನಾನು ಹಿಡಿದದ್ದು 'ಪ'ಕಾರ. ಹಳಗನ್ನಡದ ಪಾಲ್, ಪುಲಿ, ಪೂ ಆಮೇಲೆ ಹಾಲು, ಹುಲಿ, ಹೂ ಆದವು. ತುಳು, ಮಲಯಾಳದಲ್ಲಿ ಪೂ ಇನ್ನೂ ಪೂವೇ.

ಅಡಕೆ ಹಾಳೆಯನ್ನು ನೆನೆಸಿ, ಭಾರ ಹೇರಿ ಚಪ್ಪಟೆ ಮಾಡಿ, ಅಂಗೈಯಗಲ ಕತ್ತರಿಸಿ. ಮೇಲಂಚಿಗೆ ತೂತು ಮಾಡಿ, ದಾರ ಕಟ್ಟಿ ಹಲಗೆಗೆ ನೇತುಹಾಕಿ. ಮೇಲೆ 'ಹಾಲು', ಎತ್ತಿದರೆ ಅಡಿಯಲ್ಲಿ 'ಪಾಲ್'. ಮೊದಲು ಊಹಿಸಿ ಹೇಳಬೇಕು, ಆಮೇಲೆ ಎತ್ತಬೇಕು. ಇಲ್ಲದಿದ್ದರೆ ಸುಮ್ನೆ ಪಟಪಟ ಬಡಿಯುತ್ತಾರೆ ಅಷ್ಟೇ. ನಡುವೆ ಒಂದು 'ಹೃದಯ' ಸೇರಿಸಿ. ಅದು ಸಂಸ್ಕೃತದಿಂದ ಬಂದದ್ದು, ಅದರ 'ಹ' ಹಿಂದೆ 'ಪ' ಆಗಿರಲಿಲ್ಲ, ಎತ್ತಿದರೆ ಖಾಲಿ! ಜಾಸ್ತಿ ನಗು ಬಂದದ್ದು ಅಲ್ಲೇ.

ಹಲಗೆ ಮಕ್ಕಳ ಎದೆಯ ಎತ್ತರಕ್ಕಿರಲಿ. ನಾನು ನನ್ನ ಕಣ್ಣಿನ ಎತ್ತರಕ್ಕೆ ಹೊಡೆದು, ಮತ್ತೆ ಮೊಳೆ ಕೀಳಬೇಕಾಯ್ತು. ಜೋರು ಮಳೆಯ ಆಟಿ ತಿಂಗಳಲ್ಲಂತೂ ಬೇಡ, ಹಾಳೆಗೆ ಬೂಷ್ಟು ಹಿಡಿಯುತ್ತದೆ.

ಕೊನೆಯ ಹಾಳೆಯ ಮೇಲೆ 'ಹಾಳೆ' ಅಂತಲೇ ಬರೆದಿದ್ದೆ. ಒಬ್ಬಳು ಎತ್ತದೆಯೇ "ಪಾಳೆ!" ಅಂದಳು. ಮನೆಯಲ್ಲಿ ತುಳು ಅಲ್ವಾ.