ನೆರವಿನ ಲಾರಿಗಳು ಗಡಿಯಲ್ಲಿ ನಿಂತಾಗ ಸರ್ಕಾರಕ್ಕೆ ಪತ್ರ ಬರೆಯುವುದು ಹೇಗೆ?

ಯುದ್ಧದ ಜಾಗಕ್ಕೆ ಹೊರಟ ಹಿಟ್ಟು, ಔಷಧಿ, ನೀರಿನ ಪಂಪಿಗೆ ಬೇಕಾದ ಡೀಸೆಲ್ ಗಡಿಯಲ್ಲೇ ನಿಂತಿದೆ ಎಂಬ ಸುದ್ದಿ ಓದಿ ಸಂಕಟಪಡುವವರು ತುಂಬಾ ಜನ. ಆದರೆ ತಮ್ಮ ಸರ್ಕಾರಕ್ಕೆ ಬರೆಯುವವರು ಕಡಿಮೆ. ನಾನು ಕೆಲವು ವರ್ಷ ಸಂಸದರೊಬ್ಬರ ಕಚೇರಿಯಲ್ಲಿ ಬಂದ ಪತ್ರಗಳನ್ನು ಓದಿ ವಿಂಗಡಿಸುವ ಕೆಲಸ ಮಾಡಿದ್ದೇನೆ. ಯಾವ ಪತ್ರಕ್ಕೆ ಉತ್ತರ ಹೋಗುತ್ತದೆ, ಯಾವುದು ಸುಮ್ನೆ ಕಟ್ಟಿನಲ್ಲಿ ಉಳಿಯುತ್ತದೆ ಎನ್ನುವುದು ಅಲ್ಲಿ ಗೊತ್ತಾಯಿತು.

ಒಂದೇ ಒಕ್ಕಣೆಯ ಸಾವಿರ ಪತ್ರ ಬಂದರೆ ಎಣಿಸಿ, ಎಲ್ಲಕ್ಕೂ ಒಂದೇ ಉತ್ತರ ಕಳಿಸುತ್ತಿದ್ದೆವು. ಆ ಎಣಿಕೆಗೂ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಸ್ವಂತ ಮಾತಿನಲ್ಲಿ ಬರೆದು, ಒಂದು ನಿರ್ದಿಷ್ಟ ಕೆಲಸ ಕೇಳಿದ ಪತ್ರಕ್ಕೆ ಹಾಗೆ ಮಾಡಲು ಆಗುತ್ತಿರಲಿಲ್ಲ. ಯಾರಾದರೂ ಕೂತು, ವಿಚಾರಿಸಿ, ಉತ್ತರ ಬರೆಯಲೇಬೇಕಿತ್ತು. ನಿಮ್ಮ ಪತ್ರ ಅಂಥದ್ದಾಗಬೇಕು.

ಮೊದಲು ಜಾಗ ಮತ್ತು ದಿನಾಂಕ ಹುಡುಕಿ. ‘ಜನ ಹಸಿದಿದ್ದಾರೆ’ ಎಂದು ಬರೆದರೆ ಸರ್ಕಾರವೂ ‘ನಮಗೂ ಬೇಸರವಿದೆ’ ಎಂದು ಹೇಳಿ ಮುಗಿಸಿಬಿಡಬಹುದು. ಯಾವ ಗಡಿ ದ್ವಾರ, ಯಾವ ಬಂದರು, ಯಾವತ್ತಿನಿಂದ ಮುಚ್ಚಿದೆ, ಮುಚ್ಚಿದವರು ಯಾರು ಎಂದು ಬರೆಯಿರಿ. ಗಾಜಾಕ್ಕೆ 2025ರ ಮಾರ್ಚ್ 2ರಿಂದ ಇಸ್ರೇಲ್ ಎಲ್ಲ ಸರಕನ್ನೂ ತಡೆಯಿತು. ಹೆಚ್ಚುಕಡಿಮೆ ಹನ್ನೊಂದು ವಾರ ಹಿಟ್ಟೂ ಇಲ್ಲ, ಔಷಧಿಯೂ ಇಲ್ಲ. ಸುಡಾನಿನ ಡಾರ್ಫರ್‌ಗೆ ಚಾಡ್ ದೇಶದಿಂದ ಹೋಗುವ ‘ಅಡ್ರೆ’ ಎಂಬ ಗಡಿ ದ್ವಾರವನ್ನು ನೆರವಿಗೆ ಬಳಸಬಾರದು ಎಂದು ಸುಡಾನ್ ಅಧಿಕಾರಿಗಳು 2024ರ ಫೆಬ್ರುವರಿಯಲ್ಲಿ ತಡೆದರು. ಆಗಸ್ಟ್‌ನಲ್ಲಿ ಮತ್ತೆ ಬಿಟ್ಟರು. ಇಂಥ ವಿವರಗಳು ವಿಶ್ವಸಂಸ್ಥೆಯ ಮಾನವೀಯ ನೆರವು ವಿಭಾಗದ ವರದಿಗಳಲ್ಲಿ ಸಿಗುತ್ತವೆ. ಪತ್ರದಲ್ಲಿ ಹಾಕುವ ಅಂಕಿ ಅಲ್ಲಿಂದಲೇ ಇರಲಿ. ವಾಟ್ಸಾಪ್‌ನಲ್ಲಿ ಬಂದ ಅಂಕಿ ಬೇಡ. ಒಂದು ಸುಳ್ಳು ಅಂಕಿ ಸಾಕು, ಉಳಿದ ಪತ್ರವನ್ನು ಪಕ್ಕಕ್ಕಿಡಲು ನೆಪ ಸಿಗುತ್ತದೆ.

ಆಮೇಲೆ ಕಾನೂನು. ಎರಡು ಸಾಲು ಸಾಕು, ಆದರೆ ಬಿಡಬೇಡಿ. ‘ಇದು ಬೇರೆಯವರ ಜಗಳ, ನಮಗೇನು’ ಎಂಬ ಮಾತಿಗೆ ಉತ್ತರ ಇರುವುದು ಇಲ್ಲೇ. ಯುದ್ಧದ ನಿಯಮಗಳನ್ನು ಹೇಳುವ 1949ರ ಜಿನೀವಾ ಒಪ್ಪಂದಗಳ ಮೊದಲ ವಿಧಿ, ಸಹಿ ಹಾಕಿದ ದೇಶ ತಾನು ನಿಯಮ ಪಾಲಿಸಿದರೆ ಸಾಲದು, ಬೇರೆಯವರೂ ಪಾಲಿಸುವಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ಜಗತ್ತಿನ ಬಹುತೇಕ ಎಲ್ಲ ದೇಶಗಳೂ ಅದನ್ನು ಒಪ್ಪಿವೆ. ಅಂದರೆ ನಿಮ್ಮ ಸರ್ಕಾರವೂ ಮಾತು ಕೊಟ್ಟಿದೆ. ನಾಗರಿಕರನ್ನು ಉಪವಾಸ ಕೆಡವಿ ಯುದ್ಧ ಮಾಡುವುದನ್ನು ಖಂಡಿಸಿ 2018ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2417ನೇ ನಿರ್ಣಯವನ್ನು ಒಮ್ಮತದಿಂದ ಒಪ್ಪಿತು. ಲಾರಿಗಳಲ್ಲಿ ಆಯುಧ ಇದೆಯಾ ಎಂದು ತಪಾಸಣೆ ಮಾಡಲು ಕಾನೂನು ಬಿಡುತ್ತದೆ. ತಪಾಸಣೆಯ ಹೆಸರಿನಲ್ಲಿ ಊಟವನ್ನೇ ತಡೆಯಲು ಬಿಡುವುದಿಲ್ಲ. ಇದನ್ನೂ ಬರೆಯಿರಿ, ಏಕೆಂದರೆ ಭದ್ರತೆಯ ಮಾತು ಬಂದೇ ಬರುತ್ತದೆ.

ಈಗ ಮುಖ್ಯ ಭಾಗ: ಏನು ಕೇಳಬೇಕು? ಒಂದೇ ಕೇಳಿ, ಜಾಸ್ತಿ ಅಂದರೆ ಎರಡು. ಸರ್ಕಾರದ ಕೈಯಲ್ಲಿ ನಿಜವಾಗಿ ಇರುವುದನ್ನೇ ಕೇಳಿ. ತಡೆದವರ ರಾಯಭಾರಿಯನ್ನು ಕರೆಸಿ ವಿಚಾರಿಸಬಹುದು. ದ್ವಾರದ ಹೆಸರು ಹೇಳಿ, ತೆರೆಯಿರಿ ಎಂದು ಬಹಿರಂಗವಾಗಿ ಒತ್ತಾಯಿಸಬಹುದು. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಗೈರಾಗದೆ ಮತ ಹಾಕಬಹುದು. ಅವರಿಗೆ ಆಯುಧ ಮಾರುವ ಪರವಾನಗಿ ನಿಲ್ಲಿಸಬಹುದು. ನನ್ನ ಪ್ರಕಾರ ನಿಮ್ಮ ದೇಶ ಅವರಿಗೆ ಆಯುಧ ಕೊಡುತ್ತಿದ್ದರೆ ಮೊದಲು ಅದನ್ನೇ ಕೇಳಬೇಕು. ಹೇಳಿಕೆಗಳಿಗೆ ಬಗ್ಗದವರೂ ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ.

ಪತ್ರ ಹೀಗಿರಬಹುದು:

‘ಮಾನ್ಯರೇ, ನಾನು ನಿಮ್ಮ ಕ್ಷೇತ್ರದ ಮತದಾರ. ಇಂಥ ಗಡಿ ದ್ವಾರ ಇಂಥ ದಿನದಿಂದ ನೆರವಿಗೆ ಮುಚ್ಚಿದೆ. ಒಳಗಿನ ಮಕ್ಕಳಿಗೆ ಹಾಲಿನ ಪುಡಿ, ಆಸ್ಪತ್ರೆಗೆ ಔಷಧಿ ತಲುಪುತ್ತಿಲ್ಲ. ಜಿನೀವಾ ಒಪ್ಪಂದದ ಮೊದಲ ವಿಧಿಯ ಪ್ರಕಾರ ನಮ್ಮ ಸರ್ಕಾರಕ್ಕೂ ಇಲ್ಲಿ ಹೊಣೆ ಇದೆ. ಆ ದೇಶದ ರಾಯಭಾರಿಯನ್ನು ಕರೆಸಿ ದ್ವಾರ ತೆರೆಯಲು ಒತ್ತಾಯಿಸಲಾಗಿದೆಯೇ? ದಯವಿಟ್ಟು ಇದನ್ನು ವಿದೇಶಾಂಗ ಸಚಿವರಿಗೆ ಲಿಖಿತ ಪ್ರಶ್ನೆಯಾಗಿ ಕೇಳಿ, ಉತ್ತರವನ್ನು ನನಗೆ ತಿಳಿಸಿ.’

ಇಷ್ಟೇ. ಒಂದು ಪುಟ ದಾಟಬಾರದು. ಹೆಸರು, ವಿಳಾಸ ಇರಲೇಬೇಕು, ಇಲ್ಲದಿದ್ದರೆ ನೀವು ಕ್ಷೇತ್ರದವರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಮೊದಲು ನಿಮ್ಮ ಸಂಸದರಿಗೆ ಕಳಿಸಿ, ಪ್ರತಿಯನ್ನು ವಿದೇಶಾಂಗ ಸಚಿವರಿಗೆ. ಲಿಖಿತ ಪ್ರಶ್ನೆಯ ಮೇಲೆ ನಾನು ಒತ್ತು ಕೊಡುವುದಕ್ಕೆ ಕಾರಣವಿದೆ. ಸಚಿವರ ಉತ್ತರ ಸಂಸತ್ತಿನ ದಾಖಲೆಗೆ ಹೋಗುತ್ತದೆ. ನಾಳೆ ಪತ್ರಕರ್ತರು, ವಿರೋಧ ಪಕ್ಷದವರು ಅದನ್ನೇ ತೆಗೆದು ತೋರಿಸಬಹುದು. ಸಿಟ್ಟು ಬರುವುದು ಸಹಜ, ನನಗೂ ಬರುತ್ತದೆ. ಆದರೆ ಯಾವ ಜನಾಂಗವನ್ನೂ ಧರ್ಮವನ್ನೂ ಬೈಯಬೇಡಿ. ಬೈಗುಳ ಇದ್ದ ಪತ್ರವನ್ನು ನಾವು ಮುಂದಕ್ಕೆ ಕಳಿಸುತ್ತಲೇ ಇರಲಿಲ್ಲ.

ಒತ್ತಡದಿಂದ ಏನಾಗುತ್ತದೆ ಎಂದು ಕೇಳುವವರಿಗೆ ಯೆಮನ್ ಉದಾಹರಣೆ ಕೊಡುತ್ತೇನೆ. 2017ರ ನವೆಂಬರ್ ಮೊದಲ ವಾರದಲ್ಲಿ ಸೌದಿ ನೇತೃತ್ವದ ಒಕ್ಕೂಟ ಅಲ್ಲಿನ ಬಂದರು, ವಿಮಾನ ನಿಲ್ದಾಣಗಳನ್ನು ಮುಚ್ಚಿತು. ವಿಶ್ವಸಂಸ್ಥೆ ಮತ್ತು ಹಲವು ಸರ್ಕಾರಗಳು ಒತ್ತಾಯಿಸಿದವು. ಅದೇ ತಿಂಗಳ ಕೊನೆಗೆ ಹೊಡೆಯ್ದಾ ಬಂದರಿಗೆ ನೆರವಿನ ಹಡಗು ಬಂತು. ಸಮಸ್ಯೆ ಮುಗಿಯಲಿಲ್ಲ, ಆದರೆ ಹಿಟ್ಟು ಇಳಿಯಿತು.

ಬಹುಶಃ ನಿಮಗೆ ಬರುವ ಮೊದಲ ಉತ್ತರ ‘ಪರಿಸ್ಥಿತಿಯನ್ನು ಗಮನಿಸುತ್ತಿದ್ದೇವೆ’ ಎಂದಿರುತ್ತದೆ. ಅಲ್ಲಿಗೆ ಬಿಡಬೇಡಿ. ಆ ಪತ್ರದ ದಿನಾಂಕ ಹಾಕಿ ಮತ್ತೆ ಬರೆಯಿರಿ: ಯಾರೊಂದಿಗೆ ಮಾತಾಡಿದಿರಿ, ಯಾವತ್ತು, ಅವರು ಏನೆಂದರು? ಉತ್ತರವೇ ಬರದಿದ್ದರೆ ಎರಡು ವಾರ ಬಿಟ್ಟು ಫೋನ್ ಮಾಡಿ, ಪತ್ರ ಯಾರ ಬಳಿ ಇದೆ ಎಂದು ಕೇಳಿ ಅವರ ಹೆಸರು ಬರೆದುಕೊಳ್ಳಿ. ಕ್ಷೇತ್ರದಲ್ಲಿ ಸಂಸದರು ಜನರನ್ನು ಭೇಟಿಯಾಗುವ ದಿನ ಮೂರ್ನಾಲ್ಕು ಜನ ಸೇರಿ, ಆ ಪತ್ರದ ಪ್ರತಿ ಹಿಡಿದುಕೊಂಡು ಹೋಗಿ.