ಯೂನಿಫಾರ್ಮ್ ಹೊಲಿಯುವವಳಿಗೆ ಬುದ್ಧ ಹೇಳಿದ ಲೆಕ್ಕ

ಬೌದ್ಧ ವಿಹಾರದಲ್ಲಿ ಭಿಕ್ಷುಗಳ ಉಪದೇಶ ಕೇಳಿದ ಮೇಲೆ ನಮ್ಮಂಥವರ ಬಾಯಲ್ಲಿ ಒಂದು ಮಾತು ಯಾವಾಗಲೂ ಇರುತ್ತದೆ. "ಭಂತೇಜಿ, ಇದೆಲ್ಲ ನಿಮಗೆ ಸರಿ. ನಾವು ಸಂಸಾರಸ್ಥರು, ನಮ್ಮಿಂದ ಎಲ್ಲಿ ಆಗಬೇಕು?" ಹೀಗೆ ಹೇಳಿ, ಸಾಧು ಸಾಧು ಅಂದು ಮನೆಗೆ ಬರುತ್ತೇವೆ. ಮನೆಯಲ್ಲಿ ಅದೇ ಜಗಳ, ಅದೇ ಸಾಲ.

ನನ್ನ ತವರು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ಮದುವೆಯಾಗಿ ಬಂದದ್ದು ಸೊಲ್ಲಾಪುರಕ್ಕೆ. ಸೊಲ್ಲಾಪುರ ಅಂದರೆ ಎಲ್ಲರಿಗೂ ಚಾದರ ನೆನಪಾಗುತ್ತದೆ. ಆದರೆ ಶಾಲೆಯ ಯೂನಿಫಾರ್ಮ್ ಹೊಲಿಯುವ ಕೆಲಸವೂ ಇಲ್ಲಿ ಬಹಳ. ನಮ್ಮದೂ ಅಂಥ ಒಂದು ಚಿಕ್ಕ ಕಾರಖಾನೆ. ಮನೆಯ ಕೆಳಗೇ ಮಷಿನ್‌ಗಳಿವೆ. ಮನೆಯಲ್ಲಿ ಕನ್ನಡ, ಲೆಕ್ಕದ ವಹಿ ಮರಾಠಿಯಲ್ಲಿ, ಜಗಳ ಎರಡರಲ್ಲೂ.

ಆಷಾಢ ಹುಣ್ಣಿಮೆಯಿಂದ ಅಶ್ವಿನ ಹುಣ್ಣಿಮೆವರೆಗೆ ವರ್ಷಾವಾಸ, ಮಳೆಗಾಲದಲ್ಲಿ ಭಿಕ್ಷುಗಳು ಒಂದೇ ಕಡೆ ಉಳಿಯುವ ಕಾಲ. ಆ ಮೂರು ತಿಂಗಳು ನಮ್ಮ ಕಡೆಯ ವಿಹಾರಗಳಲ್ಲಿ ರಾತ್ರಿ ಹೊತ್ತು ಬಾಬಾಸಾಹೇಬ ಅಂಬೇಡ್ಕರರ ಧಮ್ಮಗ್ರಂಥ ಓದುವ ರೂಢಿ ಇದೆ. ಒಂದು ವರ್ಷ ಬಂದಿದ್ದ ಭಂತೇಜಿ ಓದು ಮುಗಿದ ಮೇಲೆ, ಬುದ್ಧರು ಗೃಹಸ್ಥರಿಗೆ ಹೇಳಿದ ಮಾತುಗಳನ್ನೇ ಆರಿಸಿ ಹೇಳತೊಡಗಿದರು. ಅವರು ಹೇಳುತ್ತಿದ್ದದ್ದು ಮರಾಠಿಯಲ್ಲಿ. ನಮ್ಮ ಸಾಲಿನ ಮುದುಕಿಯರಿಗೆ ಮರಾಠಿ ಅಷ್ಟಕ್ಕಷ್ಟೇ, ಹಾಗಾಗಿ ನಾನು ಪಕ್ಕದಲ್ಲಿ ಕೂತು ಮೆಲ್ಲಗೆ ಕನ್ನಡದಲ್ಲಿ ಹೇಳಬೇಕಾಗುತ್ತಿತ್ತು. ಆ ಕೆಲಸ ಇಲ್ಲದಿದ್ದರೆ ಇಷ್ಟು ಕಿವಿಗೊಟ್ಟು ಕೇಳುತ್ತಿದ್ದೆನೋ ಇಲ್ಲವೋ.

ಮೊದಲು ಹೇಳಿದ್ದು ದೀಘಜಾಣು ಎಂಬ ಕೋಲಿಯ ಕುಲದ ಗೃಹಸ್ಥನ ಕತೆ. ಅವನು ಬುದ್ಧರ ಹತ್ತಿರ ಹೋಗಿ ನೇರವಾಗಿ ಕೇಳುತ್ತಾನೆ. ನಾವು ಹೆಂಡತಿ ಮಕ್ಕಳ ಜೊತೆ ಇರುವವರು, ಕಾಶಿಯ ಚಂದನ ಹಚ್ಚಿಕೊಳ್ಳುವವರು, ಬೆಳ್ಳಿ ಬಂಗಾರ ಮುಟ್ಟುವವರು, ನಮಗೆ ತಕ್ಕ ಧಮ್ಮ ಏನಾದರೂ ಇದ್ದರೆ ಹೇಳಿ ಅಂತ. ಬುದ್ಧರು ಅವನಿಗೆ ಚಂದನ ಬಿಡು, ಬಂಗಾರ ಬಿಡು ಅನ್ನಲಿಲ್ಲ. ನಾಲ್ಕು ಮಾತು ಹೇಳಿದರು. ಕೆಲಸವನ್ನು ಸೋಮಾರಿತನ ಇಲ್ಲದೆ ಚೆನ್ನಾಗಿ ಕಲಿತು ಮಾಡು. ನ್ಯಾಯವಾಗಿ ದುಡಿದದ್ದನ್ನು ಕಾಪಾಡಿಕೋ. ಒಳ್ಳೆಯವರ ಸಹವಾಸ ಮಾಡು. ಆದಾಯ ನೋಡಿ ಖರ್ಚು ಮಾಡು. ಶ್ರದ್ಧೆ, ಶೀಲ, ದಾನ, ಪ್ರಜ್ಞೆ ಎಲ್ಲ ಅದರ ನಂತರ ಬರುತ್ತದೆ. ಮೊದಲು ಬಂದದ್ದು ಹೊಟ್ಟೆಪಾಡಿನ ಮಾತು. ನಮ್ಮ ಸಾಲಿನ ಒಬ್ಬ ಆಯಿ "ಅಂದ್ರ ನಮ್ಮ ಕಷ್ಟ ಅವರಿಗೆ ಗೊತ್ತಿತ್ತು ನೋಡವ್ವ" ಅಂದರು.

ಖರ್ಚಿನ ಬಗ್ಗೆ ಬುದ್ಧರು ಕೊಟ್ಟ ಹೋಲಿಕೆ ನನಗೆ ನೇರ ತಾಗಿತು. ಕಡಿಮೆ ದುಡಿದು ಜಾಸ್ತಿ ಖರ್ಚು ಮಾಡುವವನನ್ನು ಜನ ಅತ್ತಿ ಹಣ್ಣು ತಿನ್ನುವವನು ಅನ್ನುತ್ತಾರಂತೆ. ಅವನು ಗಿಡ ಅಲ್ಲಾಡಿಸಿ ರಾಶಿ ಹಣ್ಣು ಕೆಡವುತ್ತಾನೆ, ತಿನ್ನುವುದು ನಾಲ್ಕೇ. ಯೂನಿಫಾರ್ಮ್ ಧಂದೆಯವರ ಸ್ಥಿತಿ ಸರಿಯಾಗಿ ಇದೇ. ನಮಗೆ ಗಡಿಯಾಚೆಯ ಆರ್ಡರೂ ಇರುತ್ತದೆ. ಕರ್ನಾಟಕದ ಶಾಲೆಗಳು ಮೊದಲು ಶುರುವಾಗುತ್ತವೆ, ಮಹಾರಾಷ್ಟ್ರದವು ಜೂನ್ ಮಧ್ಯಕ್ಕೆ. ಹಾಗಾಗಿ ಬೇಸಿಗೆಯಿಂದ ಜುಲೈವರೆಗೆ ಹಣ ಬಂದದ್ದೇ ಬಂದದ್ದು. ಆಗ ಫ್ರಿಜ್, ಸೀರೆ, ಯಾರದೋ ಮದುವೆಗೆ ದೊಡ್ಡ ಆಹೇರಿ, ಅಂದರೆ ಉಡುಗೊರೆ. ದೀಪಾವಳಿ ಬರುವಷ್ಟರಲ್ಲಿ ಕೈ ಖಾಲಿ. ಆಮೇಲೆ ಭಿಸಿ (ಚೀಟಿ) ಎತ್ತುವುದು, ಬಡ್ಡಿಗೆ ತರುವುದು, ಮುಂದಿನ ಸೀಜನ್‌ನಲ್ಲಿ ತೀರಿಸುವುದು. ನಮ್ಮ ಗಲ್ಲಿಯಲ್ಲಿ ಎಲ್ಲರದ್ದೂ ಇದೇ ಕತೆ.

ಇನ್ನೊಂದು ದಿನ ಸಿಗಾಲನ ಕತೆ ಬಂತು. ರಾಜಗೃಹದಲ್ಲಿ ಒದ್ದೆ ಬಟ್ಟೆ ಉಟ್ಟು ಆರು ದಿಕ್ಕಿಗೆ ಕೈ ಮುಗಿಯುತ್ತಿದ್ದ ಹುಡುಗ ಅವನು. ಅದರಲ್ಲಿ ಹಣದ ಲೆಕ್ಕ ಬಿಡಿಸಿ ಹೇಳಿದ್ದಾರೆ. ದುಡಿಮೆ ನಾಲ್ಕು ಪಾಲು ಮಾಡು. ಒಂದು ಪಾಲು ಉಣ್ಣು, ಅನುಭವಿಸು. ಎರಡು ಪಾಲು ಕೆಲಸಕ್ಕೆ ಹಾಕು. ಒಂದು ಪಾಲು ಆಪತ್ತಿಗೆ ಇಡು. ನಾನು ಹಿಡಿದದ್ದು ಇದನ್ನು.

ಸೀಜನ್‌ನಲ್ಲಿ ಒಂದು ಶಾಲೆಯಿಂದ 1 ಲಕ್ಷ ಬಂತು ಅಂದುಕೊಳ್ಳಿ. 50 ಸಾವಿರ ಕಾರಖಾನೆಯ ಖಾತೆಗೆ. ಥಾನು, ದಾರ, ಗುಂಡಿ, ಲೈಟ್ ಬಿಲ್, ಹೊಲಿಯುವವರ ಪಗಾರ ಎಲ್ಲ ಅದರಲ್ಲೇ. 25 ಸಾವಿರ ಬೇರೆ ಬ್ಯಾಂಕಿನಲ್ಲಿ. ಅದರ ಎಟಿಎಂ ಕಾರ್ಡನ್ನೇ ನಾನು ತೆಗೆದುಕೊಂಡಿಲ್ಲ. ಉಳಿದ 25 ಸಾವಿರ ಮನೆಗೆ. ಆದರೆ ಅದನ್ನೂ ಒಮ್ಮೆಲೇ ಮುಟ್ಟುವ ಹಾಗಿಲ್ಲ. ಸೀಜನ್ ಪೂರ್ತಿ ಬಂದ ಮನೆಪಾಲನ್ನು ಕೂಡಿಸಿ 12 ತಿಂಗಳಿಗೆ ಹಂಚಿದೆ. ತಿಂಗಳ ಪಾಲು ನೋಡಿ ನಮ್ಮ ಮನೆಯವರಿಗೆ ಸಿಟ್ಟೇ ಬಂತು. ಇಷ್ಟು ಹೊಲಿದು ಇಷ್ಟೇನಾ ಅಂತ. ನಿಜ ಹೇಳಬೇಕೆಂದರೆ ಅಷ್ಟೇ ನಮ್ಮ ಆದಾಯ. ಮೊದಲಿನಿಂದಲೂ ಅಷ್ಟೇ ಇತ್ತು, ಜೂನ್‌ನಲ್ಲಿ ಮಾತ್ರ ಬೇರೆ ಥರ ಕಾಣುತ್ತಿತ್ತು.

ದಾನ ಎಲ್ಲಿಂದ ಕೊಡಬೇಕು ಅಂತ ಆ ನಾಲ್ಕು ಪಾಲಿನಲ್ಲಿ ಬೇರೆಯಾಗಿ ಹೇಳಿಲ್ಲ. ನಾನು ಮನೆಪಾಲಿನಿಂದಲೇ ಕೊಡುತ್ತೇನೆ. ಆಪತ್ತಿನ ಹಣದಿಂದ ದಾನ ಕೊಟ್ಟು ದೊಡ್ಡಸ್ತಿಕೆ ತೋರಿಸುವುದು ನನಗೆ ಸೇರುವುದಿಲ್ಲ. ಸಂಬಳದವರಿಗೆ ಈ ಲೆಕ್ಕ ಹೀಗೇ ಹೊಂದುವುದೂ ಇಲ್ಲ. ಧಂದೆ ಇಲ್ಲದವರು ಅರ್ಧ ಪಾಲು ಎಲ್ಲಿಗೆ ಹಾಕಬೇಕು? ಅವರು ತಮ್ಮದೇ ಪಾಲು ಮಾಡಿಕೊಳ್ಳಲಿ.

ಈ ಆಪತ್ತಿನ ಪಾಲು ಕೂಡುತ್ತಾ ಇದ್ದಾಗಲೇ 2020 ಬಂತು. ಮಾರ್ಚ್‌ನಲ್ಲಿ ಶಾಲೆ ಮುಚ್ಚಿದವು. ಶಾಲೆ ಇಲ್ಲ ಅಂದರೆ ಯೂನಿಫಾರ್ಮ್ ಯಾರಿಗೆ ಬೇಕು? ಕತ್ತರಿಸಿಟ್ಟ ಬಟ್ಟೆ ಹಾಗೇ ಕೂತಿತು. ಮಾಸ್ಕ್ ಹೊಲಿದೆವು, ಅದರಲ್ಲಿ ಬಂದದ್ದು ಅಷ್ಟಕ್ಕಷ್ಟೇ. ಮನೆ ನಡೆದದ್ದು, ಹೊಲಿಯುವವರಿಗೆ ಅರ್ಧ ಪಗಾರವಾದರೂ ಕೊಟ್ಟದ್ದು ಆ ಕಾರ್ಡಿಲ್ಲದ ಖಾತೆಯಿಂದ. ತಮ್ಮ ಗೃಹಸ್ಥ ಶಿಷ್ಯ ಅನಾಥಪಿಂಡಿಕನಿಗೆ ಬುದ್ಧರು ಗೃಹಸ್ಥನ ನಾಲ್ಕು ಸುಖ ಹೇಳಿದ್ದಾರೆ. ಹಣ ಇರುವ ಸುಖ, ಅದನ್ನು ಉಂಡು ಕೊಡುವ ಸುಖ, ಸಾಲ ಇಲ್ಲದ ಸುಖ, ತಪ್ಪು ಮಾಡದೆ ಬದುಕುವ ಸುಖ. ಮೊದಲಿನ ಮೂರೂ ಸೇರಿದರೂ ನಾಲ್ಕನೆಯದರ ಹದಿನಾರನೇ ಒಂದು ಪಾಲಿಗೆ ಬಾರದು ಅಂತಾರೆ. ಇರಬಹುದು. ಆದರೆ ಆ ವರ್ಷ ನನಗೆ ಮೂರನೆಯದೇ ದೊಡ್ಡದಾಗಿ ಕಂಡಿತು.

ನಾಲ್ಕನೆಯ ಸುಖಕ್ಕೆ ಅಡ್ಡ ಬಂದದ್ದು ಪಂಚಶೀಲದ ನಾಲ್ಕನೆಯ ಶೀಲ, ಸುಳ್ಳು ಹೇಳಬಾರದು ಅನ್ನುವುದು. ಹೊಲಿಯುವ ಧಂದೆಯೇ "ನಾಳೆ ಕೊಡ್ತೀನಿ" ಅನ್ನುವುದರ ಮೇಲೆ ನಿಂತಿದೆ, ಅಲ್ವಾ? ಕಾಜಾ ಹಾಕಿಲ್ಲ, ಪ್ರೆಸ್ ಆಗಿಲ್ಲ, ಆದರೂ ಫೋನ್‌ನಲ್ಲಿ "ಪ್ಯಾಕಿಂಗ್ ನಡೆದಿದೆ". ಬೆಳಿಗ್ಗೆ ವಿಹಾರದಲ್ಲಿ ಮುಸಾವಾದಾ ವೇರಮಣಿ ಅನ್ನುವುದು, ಹತ್ತು ಗಂಟೆಗೆ ಇದು. ನಾನು ಮಾಡಿದ್ದು ಸರಳ. ಬಿಲ್ ಮೇಲೆ ಬರೆಯುವ ತಾರೀಖನ್ನು ಮುಂದಕ್ಕೆ ಹಾಕತೊಡಗಿದೆ. ಯಾರಾದರೂ ಫೋನ್ ಮಾಡಿದರೆ ಎಷ್ಟು ಪೀಸ್ ಆಗಿದೆ ಅಂತ ಮಷಿನ್ ಹತ್ತಿರ ಹೋಗಿ ಎಣಿಸಿ ಹೇಳುತ್ತೇನೆ. ಇದರಿಂದ ಕೆಲವು ಆರ್ಡರ್ ಹೋದವು. ಬೇಗ ಕೊಡ್ತೀನಿ ಅಂದವನಿಗೆ ಜನ ಕೊಟ್ಟರು. ಹೋದದ್ದು ಹೋಯಿತು. ಉಳಿದವರು ಈಗ ಫೋನ್ ಮಾಡುವುದನ್ನೇ ಕಡಿಮೆ ಮಾಡಿದ್ದಾರೆ.

ಸಿಗಾಲನಿಗೆ ಬುದ್ಧರು ಹೇಳಿದ್ದು, ಆರು ದಿಕ್ಕು ಅಂದರೆ ನಮ್ಮ ಸುತ್ತಲಿನ ಜನರೇ ಅಂತ. ಅದರಲ್ಲಿ ಕೆಳಗಿನ ದಿಕ್ಕು ಅಂದರೆ ಕೆಲಸದವರು. ಅವರ ಶಕ್ತಿ ನೋಡಿ ಕೆಲಸ ಕೊಡು, ಊಟ ಮತ್ತು ಕೂಲಿ ಕೊಡು, ಕಾಯಿಲೆ ಬಂದರೆ ನೋಡಿಕೋ, ರುಚಿಯಾದದ್ದು ಮಾಡಿದರೆ ಹಂಚು, ಹೊತ್ತಿಗೆ ಬಿಡುವು ಕೊಡು. ನಮ್ಮಲ್ಲಿ ಕಾಜಾ-ಗುಂಡಿ ಮಾಡುವ ಒಬ್ಬ ಅಕ್ಕನಿಗೆ ಕಣ್ಣು ಮಂಜಾಗಿತ್ತು. ಪೀಸ್ ರೇಟ್ ಅಂದ ಮೇಲೆ ಕಡಿಮೆ ಪೀಸಿಗೆ ಕಡಿಮೆ ದುಡ್ಡು. ಅವರನ್ನು ಮಡಚುವ, ಪ್ಯಾಕ್ ಮಾಡುವ ಕೆಲಸಕ್ಕೆ ಹಾಕಿ ತಿಂಗಳ ಪಗಾರ ಮಾಡಿದೆವು. ಬುದ್ಧ ಪೌರ್ಣಿಮೆಯ ಖೀರು ಎಲ್ಲರ ಮನೆಗೂ ಡಬ್ಬಿಯಲ್ಲಿ ಹೋಗುತ್ತದೆ. ಐದನೆಯದು ಮಾತ್ರ ನನಗೆ ಇನ್ನೂ ಪೂರ್ತಿ ಸಾಧ್ಯವಾಗಿಲ್ಲ. ಮೇ ತಿಂಗಳಲ್ಲಿ ಹೊತ್ತಿಗೆ ಬಿಡುವು ಕೊಡುವ ಕಾರಖಾನೆಯನ್ನು ನಾನಂತೂ ಕಂಡಿಲ್ಲ.

ಪಶ್ಚಿಮ ದಿಕ್ಕು ಹೆಂಡತಿ. ಅವಳನ್ನು ಗೌರವಿಸು, ಹೀಯಾಳಿಸಬೇಡ, ಮೋಸ ಮಾಡಬೇಡ, ಮನೆಯ ಅಧಿಕಾರ ಅವಳ ಕೈಗೆ ಕೊಡು, ಒಡವೆ ಕೊಡು. ಇದನ್ನು ನಾನು ಮುದುಕಿಯರಿಗೆ ಸ್ವಲ್ಪ ಜೋರಾಗಿಯೇ ಹೇಳಿದೆ. ಗಂಡಸರ ಸಾಲಿಗೂ ಕೇಳಿಸಿತು. ಬ್ಯಾಂಕಿನ ಪಾಸ್‌ಬುಕ್ ನನ್ನ ಕೈಗೆ ಬಂದದ್ದು ಆ ವಾರವೇ. ಒಡವೆ ಬಂದಿಲ್ಲ.

ಇನ್ನು ಧ್ಯಾನದ ವಿಷಯ. ಕೆಳಗೆ ಮಷಿನ್, ಮೇಲೆ ಮಕ್ಕಳು, ಕೂರುವುದೆಲ್ಲಿ? ಇದಕ್ಕೂ ಉತ್ತರ ಇತ್ತು. ಶಾಕ್ಯ ಕುಲದ ಸಂಸಾರಸ್ಥ ಮಹಾನಾಮನಿಗೆ ಬುದ್ಧರು ಹೇಳಿದ್ದಾರೆ: ನಡೆಯುವಾಗ, ನಿಂತಾಗ, ಕೂತಾಗ, ಮಲಗಿದಾಗ, ಕೆಲಸದಲ್ಲಿದ್ದಾಗ, ಮಕ್ಕಳಿಂದ ಕಿಕ್ಕಿರಿದ ಮನೆಯಲ್ಲಿದ್ದಾಗಲೂ ಸ್ಮರಣೆ ಮಾಡು. ಬುದ್ಧ, ಧಮ್ಮ, ಸಂಘ, ನಿನ್ನ ಶೀಲ, ನೀನು ಕೊಟ್ಟ ದಾನ, ದೇವತೆಗಳು ಅಂತ ಆರು ಸ್ಮರಣೆ. ಆರನೆಯದನ್ನು ನಾನು ಬಿಟ್ಟಿದ್ದೇನೆ. 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬೌದ್ಧ ದೀಕ್ಷೆಯ ಜೊತೆ ಬಾಬಾಸಾಹೇಬರು ಕೊಟ್ಟ, ದೇವದೇವತೆಗಳನ್ನು ಪೂಜಿಸುವುದಿಲ್ಲ ಅನ್ನುವ ಮಾತೂ ಇರುವ 22 ಪ್ರತಿಜ್ಞೆ ಬಾಯಿಪಾಠ ಇರುವವರಿಗೆ ಅದು ಒಗ್ಗುವುದಿಲ್ಲ. ಉಳಿದ ಐದು ಸಾಕು. ಕಾಲರ್ ಹೊಲಿಯುವಾಗ, ಒಂದೇ ಥರದ ಕೆಲಸ ಇದ್ದಾಗ, ಒಂದೊಂದಾಗಿ ನೆನೆಯುತ್ತೇನೆ. ತೋಳು ಜೋಡಿಸುವಾಗ ಆಗುವುದಿಲ್ಲ, ಅಲ್ಲಿ ಗಮನ ಸೂಜಿಯ ಮೇಲೇ ಇರಬೇಕು.

ಇದೇ ಮಹಾನಾಮನಿಗೆ ಇನ್ನೊಂದು ಭಯ ಇತ್ತು. ಕಪಿಲವಸ್ತುವಿನ ಬೀದಿಯಲ್ಲಿ ಆನೆ, ಕುದುರೆ, ಗಾಡಿ, ಜನರ ಗದ್ದಲ. ಈ ಗಲಾಟೆಯಲ್ಲಿ ಸ್ಮೃತಿ ತಪ್ಪುತ್ತದೆ, ಆಗಲೇ ಸತ್ತರೆ ನನ್ನ ಗತಿ ಏನು ಅಂತ ಕೇಳಿದ. ಹೆದರಬೇಡ ಮಹಾನಾಮ, ಪೂರ್ವಕ್ಕೆ ವಾಲಿದ ಮರ ಕಡಿದರೆ ಯಾವ ಕಡೆ ಬೀಳುತ್ತದೆ ಅಂದರು ಬುದ್ಧರು. ವಾಲಿದ ಕಡೆಗೇ. 2021ರಲ್ಲಿ ನಮ್ಮ ಗಲ್ಲಿಯಲ್ಲಿ ಒಂದಾದ ಮೇಲೊಂದು ಸಾವಾದಾಗ, ಮನೆಯವರಿಗೆ ಜ್ವರ ಬಂದು ನಾನು ಬಾಗಿಲ ಹೊರಗೆ ಕೂತಾಗ, ನನಗೆ ಧ್ಯಾನ ಆಗಲಿಲ್ಲ, ಸೂತ್ರ ನೆನಪಾಗಲಿಲ್ಲ. ಈ ಮರದ ಮಾತು ಮಾತ್ರ ಇತ್ತು. ಅದರಿಂದ ಭಯ ಹೋಗಲಿಲ್ಲ. ರಾತ್ರಿ ಸ್ವಲ್ಪ ನಿದ್ದೆ ಬಂತು, ಅಷ್ಟೇ. ಅವರು ಹುಷಾರಾದರು.

ಈಗ ಭಂತೇಜಿಯ ಒಪ್ಪಿಗೆ ತೆಗೆದುಕೊಂಡು, ವರ್ಷಾವಾಸದ ಭಾನುವಾರಗಳಲ್ಲಿ ಮಧ್ಯಾಹ್ನ ಮುದುಕಿಯರಿಗೆ ಸಿಗಾಲನ ಕತೆಯನ್ನು ಕನ್ನಡದಲ್ಲೇ ಹೇಳುತ್ತೇನೆ. ಸೊಸೆಯಂದಿರೂ ಬರುತ್ತಾರೆ. ಕಳೆದ ಸಲ ನಾಲ್ಕು ಪಾಲಿನ ಹತ್ತಿರ ಬಂದಾಗ ಒಬ್ಬಳು ಕೇಳಿದಳು, ಮಕ್ಕಳ ಶಾಲೆಯ ಫೀಸು ಉಣ್ಣುವ ಪಾಲಿಗೋ ಕೆಲಸದ ಪಾಲಿಗೋ ಅಂತ. ಅದು ಮನೆ ಖರ್ಚು ಅಂತ ನಾನು. ಅಲ್ಲ, ನಾಳೆ ದುಡಿಯುವವರು ಅವರೇ, ಅದು ಕೆಲಸದ ಪಾಲೇ ಅಂತ ಉಳಿದವರೆಲ್ಲ. ಸಂಜೆ ವಂದನೆಯ ಹೊತ್ತಾಗಿ ಎದ್ದೆವು. ಮುಂದಿನ ಭಾನುವಾರ ಮತ್ತೆ ಅಲ್ಲಿಂದಲೇ ಶುರು.